ಯಂತ್ರದ ಹೊಸ್ತಿಲಲ್ಲಿ ಗುಡವಿಯ ಹಕ್ಕಿಗಳು

ಮನುಷ್ಯನಿಗೂ ಯಂತ್ರಕ್ಕೂ ನಡುವೆ ಒಂದು ಹೊಸ್ತಿಲಿರುತ್ತದೆ. ಬಾವಿಯ ರಾಟೆಗೆ ಹಗ್ಗ, ಹೊಲಿಗೆ ಯಂತ್ರಕ್ಕೆ ಪೆಡಲು, ರೇಡಿಯೋಗೆ ತಿರುಗಿಸುವ ಗುಂಡಿ, ಮೊಬೈಲಿಗೆ ಗಾಜಿನ ಪರದೆ. ಕಂಪ್ಯೂಟರಿನ ಜನ ಇದನ್ನು ಇಂಟರ್‌ಫೇಸ್ ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ದಹಲೀಜ್ ಎನ್ನಬಹುದು. ಕನ್ನಡದಲ್ಲಿ ಹೊಸ್ತಿಲು ಎಂದರೆ ಸಾಕು. ರಾಟೆಯ ಹಗ್ಗ ಅಜ್ಜನ ಕೈಗೂ ಮೊಮ್ಮಗನ ಕೈಗೂ ಒಂದೇ ತೆರನಾಗಿ ಸಿಗುತ್ತಿತ್ತು. ಇಂದಿನ ಪರದೆ ಹಾಗಿಲ್ಲ. ಬೆರಳು ಎಲ್ಲಿ ಹೆಚ್ಚು ಹೊತ್ತು ನಿಂತಿತು, ಯಾವ ಪದ ಮತ್ತೆ ಮತ್ತೆ ಬಂತು ಎಂಬುದನ್ನು ನೋಡಿಕೊಂಡು ಅದು ದಿನದಿನಕ್ಕೂ ತನ್ನನ್ನು ಬದಲಿಸಿಕೊಳ್ಳುತ್ತದೆ. ಕೆಲವನ್ನು ಚಿಗುರಿಸುತ್ತದೆ, ಕೆಲವನ್ನು ಉದುರಿಸುತ್ತದೆ. ಜೀವ ಇರುವ ವಸ್ತುವಿನಂತೆ ವರ್ತಿಸುತ್ತದೆ.

ಇದೆಲ್ಲ ಅಮೆರಿಕದ ಯಾವುದೋ ಕಂಪನಿಯ ಮೊನ್ನೆ ಮೊನ್ನೆಯ ಸಾಹಸ ಎಂದು ನಂಬಿದವರು ಬಹಳ. ಆದರೆ ಯಂತ್ರಕ್ಕೆ ಜೀವದ ನಡೆಯನ್ನು ಕಲಿಸುವ ಹಂಬಲಕ್ಕೆ ಸಾವಿರದ ಇನ್ನೂರು ವರ್ಷಗಳಷ್ಟಾದರೂ ವಯಸ್ಸಾಗಿದೆ. ಅದರ ದಾರಿ ಬಗ್ದಾದಿನಿಂದ ಶ್ರೀರಂಗಪಟ್ಟಣಕ್ಕೆ ಬಂದು ಹೋಗಿದೆ. ಅದರ ಅತ್ಯಂತ ಮುಖ್ಯವಾದ ಪಾಠವೊಂದು ಸೊರಬ ತಾಲ್ಲೂಕಿನ ಗುಡವಿಯ ಕೆರೆಯ ಮೇಲೆ ಪ್ರತಿ ಮಳೆಗಾಲ ಹಾರಾಡುತ್ತದೆ. ಈ ಚರಿತ್ರೆಯನ್ನು ಒಮ್ಮೆ ಹಿಂತಿರುಗಿ ನೋಡುವ ಅಗತ್ಯ ಈಗ ಬಂದಿದೆ. ಏಕೆಂದರೆ ಪಹಣಿ, ಪಡಿತರ, ಪಿಂಚಣಿ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲವೂ ಈಗ ಆ ಹೊಸ್ತಿಲನ್ನು ದಾಟಿಯೇ ನಮ್ಮ ಮನೆಗೆ ಬರಬೇಕಾಗಿದೆ.

ಬಗ್ದಾದಿನ ಹಿಕ್ಮತ್ತು

ಉರ್ದುವಿನಲ್ಲಿ ಹೀಲಾ ಎಂದರೆ ನೆಪ. ಕೆಲಸ ತಪ್ಪಿಸಿಕೊಳ್ಳುವವನನ್ನು ಹೀಲಾ ಬಹಾನಾ ಮಾಡುತ್ತಾನೆ ಎಂದು ಬಯ್ಯುತ್ತೇವೆ. ಅದರ ಅರಬ್ಬಿ ಬಹುವಚನ ಹಿಯಲ್. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಆ ಪದಕ್ಕೆ ಹೆಚ್ಚು ಗೌರವವಿತ್ತು. ಜಾಣ ಉಪಾಯ, ಯುಕ್ತಿ, ಯಂತ್ರವಿದ್ಯೆ ಎಂಬ ಅರ್ಥ ಅದಕ್ಕಿತ್ತು. ಖಲೀಫ ಮಾಮೂನನ ಆಶ್ರಯದಲ್ಲಿ ಬೆಳೆದ ಬನೂ ಮೂಸಾ ಎಂಬ ಮೂವರು ಅಣ್ಣತಮ್ಮಂದಿರು, ಮುಹಮ್ಮದ್, ಅಹಮದ್ ಮತ್ತು ಹಸನ್, ಸುಮಾರು 850ರಲ್ಲಿ ಕಿತಾಬುಲ್ ಹಿಯಲ್ ಎಂಬ ಗ್ರಂಥ ಬರೆದರು. ಅದರಲ್ಲಿ ನೂರರಷ್ಟು ಯಂತ್ರಗಳ ವಿವರಣೆ ಇದೆ. ತಾನಾಗಿ ನಿಲ್ಲುವ, ತಾನಾಗಿ ತುಂಬುವ ಹೂಜಿಗಳು, ರೂಪ ಬದಲಿಸುವ ಕಾರಂಜಿಗಳು ಅಲ್ಲಿವೆ. ನೀರಿನ ಮಟ್ಟವನ್ನೇ ಕಾವಲುಗಾರನನ್ನಾಗಿ ಮಾಡಿ, ಮಟ್ಟ ಏರಿದಾಗ ಒಂದು ಕೆಲಸ, ಇಳಿದಾಗ ಇನ್ನೊಂದು ಕೆಲಸ ಎಂದು ಯಂತ್ರಕ್ಕೆ ಕಲಿಸಿದ್ದು ಅವರ ದೊಡ್ಡಸ್ತಿಕೆ.

ಇದಾಗಿ ಮೂರೂವರೆ ಶತಮಾನಗಳ ನಂತರ, 1206ರಲ್ಲಿ, ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ದೊರೆಗಳ ಆಸ್ಥಾನದ ಯಂತ್ರಶಿಲ್ಪಿ ಅಲ್ ಜಝರಿ ತನ್ನ ಗ್ರಂಥವನ್ನು ಮುಗಿಸಿದ. ಅದರಲ್ಲಿ 50 ಯಂತ್ರಗಳು. ಅವುಗಳಲ್ಲಿ ಹೆಸರಾದದ್ದು ಆನೆ ಗಡಿಯಾರ. ಆನೆಯ ಹೊಟ್ಟೆಯೊಳಗಿನ ನೀರಿನಲ್ಲಿ ತೂತಿನ ಬಟ್ಟಲೊಂದು ನಿಧಾನವಾಗಿ ಮುಳುಗುತ್ತದೆ. ಅದು ನಮ್ಮ ಕಡೆ ಮದುವೆಯ ಮುಹೂರ್ತ ಅಳೆಯುತ್ತಿದ್ದ ಗಳಿಗೆ ಬಟ್ಟಲಿನ ಜಾತಿಯದೇ. ಬಟ್ಟಲು ಮುಳುಗಿದಾಗ ಅರ್ಧ ಗಂಟೆ ಆಯಿತೆಂದು ಲೆಕ್ಕ. ಕೂಡಲೇ ಚೆಂಡೊಂದು ಉರುಳುತ್ತದೆ, ಸರ್ಪ ಬಾಗುತ್ತದೆ, ಮಾವುತ ಬಾರಿಸುತ್ತಾನೆ. ಆನೆ ಹಿಂದೂಸ್ತಾನದ್ದು, ಸರ್ಪಗಳು ಚೀನಾದವು, ಮೇಲಿನ ಹಕ್ಕಿ ಈಜಿಪ್ಟಿನದು, ನೀರಿನ ಲೆಕ್ಕ ಗ್ರೀಕರದು. ಒಂದು ಯಂತ್ರದಲ್ಲಿ ಇಷ್ಟು ನಾಡುಗಳು ನೆಮ್ಮದಿಯಿಂದ ಕೂಡಿದ್ದವು ಎಂಬುದನ್ನು ಇಂದಿನವರು ನೆನಪಿಡುವುದು ಒಳ್ಳೆಯದು.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು ಇನ್ನೊಂದಿದೆ. ವುಜೂ ಮಾಡುವಾಗ ಆಳೊಬ್ಬ ಕೈಗೆ ನೀರು ಸುರಿಯುವುದು ದೊರೆಗೆ ಹಿಡಿಸುತ್ತಿರಲಿಲ್ಲವಂತೆ. ಅದಕ್ಕಾಗಿ ಜಝರಿ ತಾನಾಗಿ ನೀರು ಸುರಿಯುವ ಯಂತ್ರ ಮಾಡಿಕೊಟ್ಟ. ಕೈ ತೊಳೆಯುವ ನವಿಲಿನ ಯಂತ್ರವೂ ಆತನದೇ. ಬಾಲದ ಬಿರಡೆ ಎಳೆದರೆ ಕೊಕ್ಕಿನಿಂದ ನೀರು ಬರುತ್ತದೆ. ತೊಳೆದ ನೀರು ಕೆಳಗೆ ತುಂಬಿದಂತೆ ತೇಲುಬುರುಡೆ ಏರಿ ಪುಟ್ಟ ಬಾಗಿಲು ತೆರೆದು ಸೋಪಿನ ಪುಡಿ ಹಿಡಿದ ಬೊಂಬೆ ಬರುತ್ತದೆ. ಇನ್ನಷ್ಟು ತುಂಬಿದರೆ ಅಂಗವಸ್ತ್ರ ಹಿಡಿದ ಇನ್ನೊಂದು ಬೊಂಬೆ. ಯಾವಾಗ ಏನು ಬೇಕೆಂದು ಕೇಳದೆಯೇ ತಿಳಿದುಕೊಳ್ಳುವ ಯಂತ್ರ. ಇಂದಿನ ಪರದೆ ಮಾಡುವ ಕೆಲಸದ ಬೀಜ ಇಲ್ಲಿದೆ. ಆದರೆ ಒಂದು ಅಂಶ ಗಮನಿಸಬೇಕು. ಬಿರಡೆ ಯಾವಾಗಲೂ ನವಿಲಿನ ಬಾಲದಲ್ಲೇ ಇರುತ್ತಿತ್ತು. ಮುಂದಿನದೆಲ್ಲ ನೀರಿನ ಲೆಕ್ಕದಂತೆ ಬದಲಾದರೂ ಮನುಷ್ಯನ ಕೈ ಎಲ್ಲಿಗೆ ಹೋಗಬೇಕೋ ಆ ಜಾಗ ಕದಲುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಹುಲಿ

ಕನ್ನಡ ನಾಡಿನಲ್ಲಿ ಜೀವ ತಳೆದಂತೆ ಕಂಡ ಯಂತ್ರಗಳಲ್ಲಿ ಲೋಕಪ್ರಸಿದ್ಧವಾದದ್ದು ಟಿಪ್ಪು ಸುಲ್ತಾನನ ಹುಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತಯಾರಾದ, ಸುಮಾರು ಐದೂಮುಕ್ಕಾಲು ಅಡಿ ಉದ್ದದ ಮರದ ಹುಲಿ. ಅದರ ಕೆಳಗೆ ಅಂಗಾತ ಬಿದ್ದ ಯುರೋಪಿಯನ್ ಉಡುಪಿನ ಮನುಷ್ಯ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡುತ್ತವೆ, ಮನುಷ್ಯನ ಕೈ ಮೇಲೇಳುತ್ತದೆ, ಅವನ ಬಾಯಿಂದ ನರಳಾಟ, ಹುಲಿಯ ಬಾಯಿಂದ ಗರ್ಜನೆ. ಹುಲಿಯ ಹೊಟ್ಟೆಯ ಬಾಗಿಲು ತೆರೆದರೆ ನುಡಿಸಬಹುದಾದ ಪುಟ್ಟ ಆರ್ಗನ್ ವಾದ್ಯ ಕೂಡ ಇದೆ. ಮರದ ಕೆತ್ತನೆ ನಮ್ಮ ನಾಡಿನದು, ಒಳಗಿನ ಯಂತ್ರಭಾಗದಲ್ಲಿ ಫ್ರೆಂಚರ ಕೈ ಇದ್ದಿರಬಹುದು ಎಂಬುದು ವಿದ್ವಾಂಸರ ಅಭಿಪ್ರಾಯ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಹುಲಿಯನ್ನು ಲಂಡನ್ನಿಗೆ ಸಾಗಿಸಿದರು. 1808ರಿಂದ ಈಸ್ಟ್ ಇಂಡಿಯಾ ಹೌಸಿನಲ್ಲಿ ಅದು ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿ ತಿರುಗಿಸಿ ಗರ್ಜನೆ ಕೇಳುತ್ತಿದ್ದರಿಂದ ಅಲ್ಲಿನ ಗ್ರಂಥಾಲಯದಲ್ಲಿ ಓದುವವರಿಗೆ ಕಿರಿಕಿರಿಯಾಗುತ್ತಿತ್ತು ಎಂಬುದು ದಾಖಲಾಗಿದೆ. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ.

ಈ ಹುಲಿಯ ರಾಜಕೀಯದ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅದರ ಹಿಡಿಯ ಬಗ್ಗೆ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಶ್ರೀರಂಗಪಟ್ಟಣದಲ್ಲಿ ಆ ಹಿಡಿ ತಿರುಗಿಸಿದವನಿಗೆ ಅದು ಸೋಲಿನ ನಡುವೆಯೂ ಎದೆಗುಂದದ ದೊರೆಯ ಮಾತಾಗಿತ್ತು. ಲಂಡನ್ನಿನಲ್ಲಿ ಅದೇ ಹಿಡಿ ತಿರುಗಿಸಿದವನಿಗೆ ಗೆದ್ದವರ ಮೋಜಾಯಿತು. ಹುಲಿ ಎರಡು ಕಡೆಯೂ ಒಂದೇ ರೀತಿ ಗರ್ಜಿಸಿತು. ಹಿಡಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಅರ್ಥ ನಿಂತಿತ್ತು.

ಬಾತುಕೋಳಿಯ ಮೋಸ, ಆಮೆಯ ನಿಜ

ಇದೇ ಕಾಲಕ್ಕೆ ಸ್ವಲ್ಪ ಮೊದಲು, 1739ರಲ್ಲಿ, ಫ್ರಾನ್ಸಿನ ವೋಕಾನ್ಸನ್ ಎಂಬ ಯಂತ್ರಶಿಲ್ಪಿ ತಾಮ್ರದ ಬಾತುಕೋಳಿಯನ್ನು ಪ್ರದರ್ಶಿಸಿದ್ದ. ಅದು ರೆಕ್ಕೆ ಬಡಿಯುತ್ತಿತ್ತು, ಕಾಳು ನುಂಗುತ್ತಿತ್ತು, ಸ್ವಲ್ಪ ಹೊತ್ತಿಗೆ ಹಿಕ್ಕೆಯನ್ನೂ ಹಾಕುತ್ತಿತ್ತು. ಯುರೋಪು ಬೆರಗಾಯಿತು. ನುಂಗಿದ ಕಾಳು ಒಂದು ಡಬ್ಬಿಯಲ್ಲೇ ಉಳಿಯುತ್ತಿತ್ತು, ಹೊರಬಂದದ್ದು ಮೊದಲೇ ತುಂಬಿಟ್ಟ ಇನ್ನೊಂದು ಡಬ್ಬಿಯದು ಎಂದು ಆಮೇಲೆ ತಿಳಿಯಿತು. ಜೀವದ ನಟನೆ ಅಲ್ಲಿತ್ತು, ಜೀವದ ಒಳಗುಟ್ಟು ಇರಲಿಲ್ಲ.

ನಟನೆಯನ್ನು ಬಿಟ್ಟು ಒಳಗುಟ್ಟಿನ ಕಡೆ ತಿರುಗಿದ್ದು ಇಪ್ಪತ್ತನೆಯ ಶತಮಾನ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಿದುಳಿನ ವಿಜ್ಞಾನಿ ಗ್ರೇ ವಾಲ್ಟರ್ 1948-49ರ ಹೊತ್ತಿಗೆ ಎಲ್ಮರ್ ಮತ್ತು ಎಲ್ಸಿ ಎಂಬ ಎರಡು ಗಾಲಿ ಆಮೆಗಳನ್ನು ಮಾಡಿದ. ಬೆಳಕನ್ನು ಅರಿಯಲು ಒಂದು ಇಂದ್ರಿಯ, ತಾಗಿದ್ದನ್ನು ಅರಿಯಲು ಇನ್ನೊಂದು, ಎರಡು ಮೋಟಾರು. ಅಷ್ಟೇ ಬಂಡವಾಳ. ಆಮೆ ಬೆಳಕನ್ನು ಹುಡುಕುತ್ತ ಹೋಗುತ್ತಿತ್ತು, ಬೆಳಕು ತೀರ ಹೆಚ್ಚಾದರೆ ಹಿಂದೆ ಸರಿಯುತ್ತಿತ್ತು, ಅಡ್ಡ ಬಂದದ್ದನ್ನು ಬಳಸಿ ಹೋಗುತ್ತಿತ್ತು, ಬ್ಯಾಟರಿ ಇಳಿದಾಗ ಗೂಡಿಗೆ ಮರಳುತ್ತಿತ್ತು. ಕನ್ನಡಿಯ ಮುಂದೆ ಇಟ್ಟಾಗ ತನ್ನದೇ ದೀಪ ನೋಡಿ ಕುಣಿದಂತೆ ಆಡಿತು. ಇಂಥದೊಂದು ಕುಣಿತವನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ. ಕೆಲವೇ ಸರಳ ನಿಯಮಗಳು ಸುತ್ತಲಿನ ಲೋಕದೊಡನೆ ಸೇರಿದಾಗ ಮಾಡಿದವನೂ ಎಣಿಸದ ನಡೆ ಹುಟ್ಟುತ್ತದೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಕಂಡಿತು.

1970ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಜಾನ್ ಕಾನ್ವೇ ಇದನ್ನೇ ಒಂದು ಆಟವಾಗಿಸಿದ. ನಮ್ಮ ಚೌಕಾಬಾರದ ಮಣೆಯಂತೆ ಚೌಕಗಳು. ಬದುಕಿರುವ ಚೌಕಕ್ಕೆ ಎರಡೋ ಮೂರೋ ಬದುಕಿರುವ ನೆರೆಹೊರೆ ಇದ್ದರೆ ಅದು ಉಳಿಯುತ್ತದೆ. ಕಡಿಮೆಯಾದರೆ ಒಂಟಿತನದಿಂದ, ಹೆಚ್ಚಾದರೆ ಇಕ್ಕಟ್ಟಿನಿಂದ ಸಾಯುತ್ತದೆ. ಸತ್ತ ಚೌಕದ ಸುತ್ತ ಸರಿಯಾಗಿ ಮೂವರು ಬದುಕಿದ್ದರೆ ಅಲ್ಲಿ ಹೊಸ ಜೀವ. ಈ ಚಿಕ್ಕ ಕಾನೂನಿನಿಂದ ಮಣೆಯ ಮೇಲೆ ತೆವಳುವ, ಮಿಡಿಯುವ, ಹೊಸದನ್ನು ಹೆರುವ ಆಕೃತಿಗಳು ಹುಟ್ಟಿದವು. 1987ರ ಸೆಪ್ಟೆಂಬರಿನಲ್ಲಿ ಕ್ರಿಸ್ಟೊಫರ್ ಲ್ಯಾಂಗ್ಟನ್ ಅಮೆರಿಕದ ಲಾಸ್ ಅಲಾಮೊಸ್‌ನಲ್ಲಿ ಇಂಥ ಕೆಲಸ ಮಾಡುವವರನ್ನೆಲ್ಲ ಒಂದೆಡೆ ಸೇರಿಸಿದ. ಕೃತಕ ಜೀವ ಎಂಬ ಅಧ್ಯಯನ ಶಾಖೆಗೆ ಅಲ್ಲಿ ನಾಮಕರಣ ಆಯಿತೆನ್ನಬಹುದು. ಅಣುಬಾಂಬು ಹುಟ್ಟಿದ ಊರಿನಲ್ಲೇ ಜೀವದ ಬಗ್ಗೆ ಈ ಜಿಜ್ಞಾಸೆ ನಡೆದದ್ದು ಕತೆ ಬರೆಯುವ ನಮ್ಮಂಥವರಿಗೆ ವಿಚಿತ್ರವಾಗಿ ತೋರುತ್ತದೆ.

ಗುಡವಿಯ ಪಾಠ

ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಹಕ್ಕಿಯನ್ನು ಕೆತ್ತಿ ಜೀವ ಬಂತೇನೋ ಎನಿಸುವಂತೆ ಮಾಡಬಲ್ಲರು. ಆದರೆ ಒಂದು ಹಕ್ಕಿಯನ್ನು ಕೆತ್ತುವುದು ಬೇರೆ, ಸಾವಿರ ಹಕ್ಕಿಗಳ ಹಾರಾಟವನ್ನು ಕೆತ್ತುವುದು ಬೇರೆ. ಗುಡವಿಗೆ ಹೋದವರಿಗೆ ಈ ಎರಡನೆಯ ಸಮಸ್ಯೆ ಎದುರಾಗುತ್ತದೆ. ಸುಮಾರು ಮುಕ್ಕಾಲು ಚದರ ಕಿಲೋಮೀಟರಿನ ಸಣ್ಣ ಪಕ್ಷಿಧಾಮ ಇದು. ಮಳೆಗೆ ಕೆರೆ ತುಂಬಿ ಮರಗಳು ನೀರಿನಲ್ಲಿ ನಿಂತಾಗ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಕೆಂಬರಲು, ಬಕಗಳು ಬಂದು ಗೂಡು ಕಟ್ಟುತ್ತವೆ. ಸಂಜೆ ಗದ್ದೆಗಳಿಂದ ಮರಳುವ ಗುಂಪುಗಳಿಗೆ ಸೇನಾಪತಿ ಇಲ್ಲ, ಸೀಟಿ ಊದುವವರಿಲ್ಲ. ಆದರೂ ಒಂದಕ್ಕೊಂದು ಡಿಕ್ಕಿ ಹೊಡೆಯದೆ, ಗುಂಪು ಚದುರದೆ, ಎಲ್ಲವೂ ಒಂದೇ ಹೊರಳಿಗೆ ಹೊರಳುತ್ತವೆ. ಇದು ಹೇಗೆ?

1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಎಂಬ ಕಂಪ್ಯೂಟರ್ ತಜ್ಞ ಇದಕ್ಕೆ ಮೂರು ಸಾಲಿನ ಉತ್ತರ ಪ್ರಕಟಿಸಿದ. ಪಕ್ಕದವರಿಗೆ ತೀರ ಹತ್ತಿರ ಹೋಗಬೇಡ. ಪಕ್ಕದವರು ಹೋಗುವ ದಿಕ್ಕಿಗೆ ಹೋಗು. ಪಕ್ಕದವರ ಗುಂಪಿನ ನಡುವೆ ಇರಲು ನೋಡು. ಈ ಮೂರೇ ನಿಯಮ ಕೊಟ್ಟು ಪರದೆಯ ಮೇಲೆ ಹಲವು ತ್ರಿಕೋನಗಳನ್ನು ಬಿಟ್ಟ. ಅವು ಹಕ್ಕಿಗಳಂತೆ ಗುಂಪುಗೂಡಿ ಹಾರಿದವು, ಕಂಬ ಅಡ್ಡ ಬಂದರೆ ಎರಡಾಗಿ ಹರಿದು ಮತ್ತೆ ಒಂದಾದವು. ಬಾಯ್ಡ್ಸ್ ಎಂದು ಅವುಗಳ ಹೆಸರು. 1992ರ ಬ್ಯಾಟ್‌ಮನ್ ರಿಟರ್ನ್ಸ್ ಸಿನಿಮಾದ ಬಾವಲಿಗಳ ಹಿಂಡು ಈ ವಿದ್ಯೆಯಿಂದಲೇ ಹಾರಿತು. ಪರದೆಯ ಮೇಲೆ ಜೀವ ಇರುವಂತೆ ಚಲಿಸುವ ಎಷ್ಟೋ ಸಂಗತಿಗಳಿಗೆ ರೆನಾಲ್ಡ್ಸ್‌ನ ಈ ಮೂರು ನಿಯಮಗಳೇ ಅಜ್ಜ.

ನಿಜವಾದ ಹಕ್ಕಿಗಳು ಇನ್ನೂ ಸೂಕ್ಷ್ಮ. ರೋಮ್ ನಗರದ ಮೇಲೆ ಹಾರುವ ಸ್ಟಾರ್ಲಿಂಗ್ ಹಕ್ಕಿಗಳನ್ನು ಅಳೆದ ಇಟಲಿಯ ಭೌತವಿಜ್ಞಾನಿಗಳು, ಪ್ರತಿ ಹಕ್ಕಿ ತನ್ನ ಸುತ್ತಲಿನ ಆರೇಳು ಹಕ್ಕಿಗಳ ಕಡೆಗಷ್ಟೇ ಗಮನ ಕೊಡುತ್ತದೆ, ಅವು ದೂರದಲ್ಲಿರಲಿ ಹತ್ತಿರದಲ್ಲಿರಲಿ ಲೆಕ್ಕ ಒಂದೇ ಎಂದು 2008ರಲ್ಲಿ ತಿಳಿಸಿದರು. ಗುಡವಿಯ ಕೆಂಬರಲಿನ ಸಂಬಂಧಿಯಾದ ಯುರೋಪಿನ ಬೋಳುತಲೆಯ ಐಬಿಸ್ ಹಕ್ಕಿಯನ್ನು ಕುರಿತ ಅಧ್ಯಯನಗಳು 2014 ಮತ್ತು 2015ರಲ್ಲಿ ಬಂದವು. ಬಾಣದ ಮೊನೆಯಂತೆ ಹಾರುವಾಗ ಹಿಂದಿನ ಹಕ್ಕಿ ಮುಂದಿನದರ ರೆಕ್ಕೆ ಎಬ್ಬಿಸಿದ ಗಾಳಿಯ ಮೇಲೆ ಸವಾರಿ ಮಾಡುತ್ತದೆ. ಮುಂದಿರುವ ಹಕ್ಕಿಗೆ ಆ ಸುಖ ಇಲ್ಲ. ಆದ್ದರಿಂದ ಅವು ಸರದಿ ಬದಲಿಸುತ್ತವೆ. ಪರರ ಬೆನ್ನ ಹಿಂದೆ ಎಷ್ಟು ಹೊತ್ತು ಹಾರಿತೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ತಾನೂ ಮುಂದೆ ಹಾರಿ ಋಣ ತೀರಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ನಮ್ಮ ಮಾಡುಗಳಲ್ಲಿ ಗೂಡು ಕಟ್ಟುವ ಕಣಜವೊಂದರ ಸಮಾಜವನ್ನು ಅಭ್ಯಾಸ ಮಾಡಿದರು. ಅಲ್ಲಿ ರಾಣಿ ಬಹಳ ಸಾಧು. ಯಾರು ಆಹಾರ ತರಬೇಕೆಂದು ಆಕೆ ಹುಕುಂ ಹೊರಡಿಸುವುದಿಲ್ಲ. ಕೆಲಸಗಾರ ಕಣಜಗಳೇ ತಮ್ಮತಮ್ಮಲ್ಲಿ ಆ ವ್ಯವಹಾರ ನಡೆಸಿಕೊಳ್ಳುತ್ತವೆ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದನ್ನು ಇಲ್ಲಿ ನೆನೆಯಬೇಕು. ಟಿಪ್ಪುವಿನ ಮರದ ಹುಲಿ ಗರ್ಜಿಸಿದ ಊರಿಗೆ ಅದು ಕೂಗಳತೆಯ ದೂರ.

ಉರ್ದು ಓದಿದವರಿಗೆ ಇದು ಇನ್ನೊಂದನ್ನು ನೆನಪಿಸುತ್ತದೆ. ನಿಶಾಪುರದ ಫರೀದುದ್ದೀನ್ ಅತ್ತಾರ್ ಬರೆದ ಮಂತಿಕುತ್ತೈರ್ ಎಂಬ ಪಾರಸಿ ಕಾವ್ಯದಲ್ಲಿ ಹಕ್ಕಿಗಳು ತಮ್ಮ ಅರಸ ಸೀಮುರ್ಗ್‌ನನ್ನು ಹುಡುಕಿ ಹೊರಡುತ್ತವೆ. ಕೊನೆಗೆ ಉಳಿದು ತಲುಪಿದವು ಮೂವತ್ತು. ಪಾರಸಿಯಲ್ಲಿ ಸೀ ಎಂದರೆ ಮೂವತ್ತು, ಮುರ್ಗ್ ಎಂದರೆ ಹಕ್ಕಿ. ಅರಸನೆಂದು ಹುಡುಕಿದ್ದು ತಾವೇ ಎಂದು ಅವಕ್ಕೆ ತಿಳಿಯುತ್ತದೆ. ಅತ್ತಾರನ ಅರ್ಥ ಅಧ್ಯಾತ್ಮದ್ದು. ಆದರೂ ಅರಸನಿಲ್ಲದ ಗುಂಪನ್ನು ಕಲ್ಪಿಸಿಕೊಳ್ಳಲು ನಮ್ಮ ಪರಂಪರೆಗೆ ಕಷ್ಟವಾಗಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಪರದೆ ತೋಟವಾದದ್ದು

ಗುಂಪಿನ ನಿಯಮ ಸಿಕ್ಕಿತು. ಬೆಳವಣಿಗೆಯ ನಿಯಮ ಡಾರ್ವಿನ್ನನಿಂದ ಬಂತು. ರಿಚರ್ಡ್ ಡಾಕಿನ್ಸ್ 1986ರಲ್ಲಿ ಬಯೋಮಾರ್ಫ್ ಎಂಬ ಗೆರೆಯ ಆಕೃತಿಗಳನ್ನು ಕಂಪ್ಯೂಟರಿನಲ್ಲಿ ಬೆಳೆಸಿದ. ಒಂದು ಆಕೃತಿಗೆ ಸ್ವಲ್ಪ ಸ್ವಲ್ಪ ಬೇರೆಯಾದ ಮರಿಗಳು ಹುಟ್ಟುತ್ತವೆ, ನೋಡುವವನು ತನಗೆ ಹಿಡಿಸಿದ್ದನ್ನು ಆರಿಸುತ್ತಾನೆ, ಅದಕ್ಕೆ ಮತ್ತೆ ಮರಿಗಳು. ನೂರಾರು ತಲೆಮಾರಿನ ಆಚೆಗೆ ಯಾರೂ ಎಣಿಸದ ಕೀಟಗಳು, ಮರಗಳು ಪರದೆಯ ಮೇಲೆ ಮೂಡಿದವು.

1992ರಲ್ಲಿ ಕ್ರಿಸ್ಟಾ ಸೊಮ್ಮರರ್ ಮತ್ತು ಲೊರಾಂ ಮಿನ್ಯೊನೊ ಎಂಬ ಕಲಾವಿದರು ಕೀಲಿಮಣೆಯನ್ನು ತೆಗೆದು ಅಲ್ಲಿ ನಿಜವಾದ ಗಿಡಗಳ ಕುಂಡಗಳನ್ನಿಟ್ಟರು. ಗಿಡವನ್ನು ಮುಟ್ಟಿದರೆ, ಕೈ ಹತ್ತಿರ ತಂದರೆ, ಪರದೆಯ ಮೇಲೆ ಗಿಡಗಳು ಬೆಳೆಯುತ್ತಿದ್ದವು. ಗಿಡವೇ ಹೊಸ್ತಿಲಾಯಿತು. 1993ರಲ್ಲಿ ಕಾರ್ಲ್ ಸಿಮ್ಸ್ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದಲ್ಲಿ 16 ಪರದೆಗಳನ್ನು ಸಾಲಾಗಿ ನಿಲ್ಲಿಸಿದ. ಜನ ತಮಗೆ ಹಿಡಿಸಿದ ಚಿತ್ರದ ಮುಂದೆ ನಿಂತರೆ ಸಾಕು. ಆ ಚಿತ್ರಗಳು ಉಳಿದು, ಒಂದರೊಡನೊಂದು ಕೂಡಿ ಹೊಸ ಚಿತ್ರಗಳನ್ನು ಹೆತ್ತವು. ಯಾರೂ ಮುಂದೆ ನಿಲ್ಲದ ಚಿತ್ರಗಳು ಅಳಿದವು. ಈ ಕೊನೆಯ ವಾಕ್ಯವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಚೇರಿಯ ಮೇಜಿಗೆ ಈ ವಿದ್ಯೆ ಬಂದಾಗ ಕತೆ ಅಷ್ಟು ಸೊಗಸಾಗಿರಲಿಲ್ಲ. ಮೈಕ್ರೋಸಾಫ್ಟ್ ಕಂಪನಿಯ ಆಫೀಸ್ 97ರಲ್ಲಿ ಕಣ್ಣು ಪಿಳುಕಿಸುವ ಕಾಗದದ ಕ್ಲಿಪ್ಪೊಂದು ಕಾಣಿಸಿಕೊಂಡು, ಪತ್ರ ಬರೆಯುತ್ತಿದ್ದೀರಾ, ಸಹಾಯ ಬೇಕೆ ಎಂದು ಕೇಳತೊಡಗಿತು. ಜನ ಬೇಸತ್ತರು. 2007ರ ಆವೃತ್ತಿಯಲ್ಲಿ ಅದನ್ನು ಪೂರ್ತಿ ಕೈಬಿಡಲಾಯಿತು. ಅದು ವೋಕಾನ್ಸನ್ನನ ಬಾತುಕೋಳಿಯ ವಂಶದ್ದು, ಮುಖದಲ್ಲಷ್ಟೇ ಜೀವ. ಇನ್ನೊಂದು ಪ್ರಯತ್ನ ಆಫೀಸ್ 2000ದ ಮೆನು. ಹೆಚ್ಚು ಬಳಸಿದ್ದು ಮುಂದೆ ಕಾಣುತ್ತದೆ, ಬಳಸದ್ದು ಅಡಗುತ್ತದೆ. ಕೇಳಲು ಜಾಣತನವೇ. ಆದರೆ ವರ್ಷಕ್ಕೊಮ್ಮೆ ಬೇಕಾದದ್ದು ಬೇಕಾದ ಹೊತ್ತಿಗೆ ಜಾಗದಲ್ಲಿ ಇರುವುದಿಲ್ಲ. 2007ರ ವಿನ್ಯಾಸದಲ್ಲಿ ಅದೂ ಹೋಯಿತು. ಅಡುಗೆಮನೆಯ ಡಬ್ಬಿಗಳನ್ನು ಯಾರೋ ರಾತ್ರಿ ಬಂದು ಅದಲುಬದಲು ಮಾಡಿದರೆ, ಎಷ್ಟು ಚಂದವಾಗಿ ಜೋಡಿಸಿದ್ದರೂ, ಬೆಳಿಗ್ಗೆ ಚಹಾ ಮಾಡುವ ಹೆಂಗಸು ಬಯ್ಯದೆ ಇರುತ್ತಾಳೆಯೆ?

ಅಕ್ಷರಗಳ ನೆರೆಹೊರೆ

ನಮ್ಮ ಭಾಷೆಗಳು ಈ ಚರಿತ್ರೆಯ ಹೊರಗೆ ನಿಂತಿಲ್ಲ. ಕನ್ನಡದ ಅಕ್ಷರ ಒಂಟಿಯಾಗಿದ್ದಾಗ ಒಂದು ರೂಪ, ಒತ್ತಾದಾಗ ಇನ್ನೊಂದು, ಗುಣಿತ ಸೇರಿದಾಗ ಮತ್ತೊಂದು. ಉರ್ದುವಿನ ನಸ್ತಾಲೀಕ್ ಲಿಪಿಯಲ್ಲಂತೂ ಅಕ್ಷರ ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬೇರೆ ಬೇರೆ ವೇಷ ಹಾಕುತ್ತದೆ, ಪಕ್ಕದವನನ್ನು ನೋಡಿ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಕಾನ್ವೇಯ ಚೌಕಗಳಂತೆ, ರೆನಾಲ್ಡ್ಸ್‌ನ ಹಕ್ಕಿಗಳಂತೆ ನೆರೆಯವನನ್ನು ನೋಡಿ ನಡೆಯುವ ಅಕ್ಷರಗಳಿವು. ಇಂಗ್ಲಿಷಿನ ಒಂಟಿ ಅಕ್ಷರಗಳಿಗಾಗಿ ಮಾಡಿದ ಯಂತ್ರಕ್ಕೆ ಇವನ್ನು ಒಗ್ಗಿಸುವುದು ಸುಲಭವಾಗಿರಲಿಲ್ಲ. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹಮದ್ ಜಮೀಲ್ ಸಾವಿರಾರು ಕೂಡಕ್ಷರಗಳನ್ನು ಕೈಯಲ್ಲಿ ಬರೆದು ನೂರಿ ನಸ್ತಾಲೀಕನ್ನು ಯಂತ್ರಕ್ಕೇರಿಸಿದರು.

ಕನ್ನಡದಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಬೇರೆ ದಾರಿ ಕಂಡರು. ಆಕಾರವನ್ನು ಒತ್ತಬೇಕಿಲ್ಲ, ಧ್ವನಿಯನ್ನು ಒತ್ತಿದರೆ ಸಾಕು. ಯಾವ ಆಕಾರ ಬೇಕೆಂದು ಯಂತ್ರ ನೋಡಿಕೊಳ್ಳಲಿ ಎಂಬುದು ಅವರ ಯುಕ್ತಿ. ಬೆರಳಿಗೆ ಕೆಲವೇ ಕೀಲಿಗಳು, ಪರದೆಯ ಮೇಲೆ ಸಾವಿರಾರು ರೂಪಗಳು. ಆ ಕೀಲಿಮಣೆಯನ್ನೇ ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದರ ಮೇಲೆ ನಿಂತಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಇಲ್ಲಿ ಬೆರಳಿನ ಜಾಗ ಸ್ಥಿರ, ರೂಪ ಮಾತ್ರ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಜಝರಿಯ ನವಿಲಿನ ಬಿರಡೆಯ ಜಾಣ್ಮೆಯೇ ಇದು.

ಬೆಂಗಳೂರಿನಲ್ಲೇ ಹುಟ್ಟಿದ ಸಿಂಪ್ಯೂಟರನ್ನು ಇಲ್ಲಿ ಮರೆಯಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಸಂಗಡಿಗರು 2001ರಲ್ಲಿ ಅದರ ಮಾದರಿಯನ್ನು ತೋರಿಸಿದರು. ಅಂಗೈಯಗಲದ ಅಗ್ಗದ ಕಂಪ್ಯೂಟರು, ಕನ್ನಡದಂಥ ಭಾಷೆಗಳಲ್ಲಿ ಓದಿ ಹೇಳಬಲ್ಲದು. ಊರಿಗೊಂದು ಯಂತ್ರ ಇದ್ದರೆ ಸಾಕು, ಪ್ರತಿಯೊಬ್ಬರ ಬಳಿ ಒಂದೊಂದು ಸ್ಮಾರ್ಟ್ ಕಾರ್ಡು; ಕಾರ್ಡು ತುರುಕಿದರೆ ಯಂತ್ರ ಅವರದಾಗುತ್ತದೆ ಎಂಬ ಆಲೋಚನೆ ಅದರಲ್ಲಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಅದು ಹೆಚ್ಚು ಓಡಲಿಲ್ಲ. ಆದರೆ ಓದುಬರಹ ಬಾರದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೊಸ್ತಿಲನ್ನು ಕಟ್ಟಲು ಹೊರಟ ಆ ಪ್ರಯತ್ನವನ್ನು ಸೋಲು ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಯಾರಿಂದ ಕಲಿಯುತ್ತದೆ?

ಈಗ ಮೂಲ ಪ್ರಶ್ನೆಗೆ ಬರೋಣ. ಬೆಳೆಯುವ ಯಂತ್ರ ಯಾರಿಂದ ಕಲಿಯುತ್ತದೆ? ಹೆಚ್ಚು ಮುಟ್ಟುವವರಿಂದ. ಸಿಮ್ಸ್‌ನ ಪ್ರದರ್ಶನದಲ್ಲಿ ಯಾರೂ ಮುಂದೆ ನಿಲ್ಲದ ಚಿತ್ರ ಅಳಿದಂತೆ, ಯಾರೂ ಒತ್ತದ ಗುಂಡಿ ಹಿಂದೆ ಸರಿಯುತ್ತದೆ. ತಿಂಗಳಿಗೊಮ್ಮೆ ಪಿಂಚಣಿ ನೋಡುವ ಮುದುಕಿ, ವರ್ಷಕ್ಕೊಮ್ಮೆ ಪಹಣಿ ತೆಗೆಸುವ ರೈತ, ಮೊಮ್ಮಗನ ಫೋನನ್ನು ಕೇಳಿ ಪಡೆದು ಬಳಸುವ ವಿಧವೆ, ಇವರ ಬೆರಳು ಪರದೆಗೆ ತಾಗುವುದೇ ಅಪರೂಪ. ಅವರಿಂದ ಯಂತ್ರ ಏನನ್ನೂ ಕಲಿಯುವುದಿಲ್ಲ. ದಿನವಿಡೀ ಬೆರಳಾಡಿಸುವವರ ಅನುಕೂಲಕ್ಕೆ ತಕ್ಕಂತೆ ಹೊಸ್ತಿಲು ಎತ್ತರವಾಗುತ್ತ ಹೋಗುತ್ತದೆ. ಯಾರ ದುರುದ್ದೇಶವೂ ಇದರಲ್ಲಿ ಇರಬೇಕಿಲ್ಲ. ಮೂರು ಸರಳ ನಿಯಮಗಳಿಂದ ಹಕ್ಕಿಗಳ ಗುಂಪು ಹುಟ್ಟುವಂತೆ, ಕೆಲವೇ ಸರಳ ನಿಯಮಗಳಿಂದ ಅನ್ಯಾಯವೂ ಹುಟ್ಟಬಹುದು.

ಭಾಷೆಯ ವಿಷಯದಲ್ಲೂ ಇದೇ ಮಾತು. ಪರದೆಯಲ್ಲಿ ಕನ್ನಡವನ್ನು ಆರಿಸದೆ ಇಂಗ್ಲಿಷನ್ನೇ ಒತ್ತುತ್ತ ಹೋದರೆ, ಕನ್ನಡ ಬೇಡವಾದ ಚಿಗುರು ಎಂದು ಯಂತ್ರ ತಿಳಿಯುತ್ತದೆ. ಕನ್ನಡಕ್ಕಾದರೂ ಕೋಟಿಗಟ್ಟಲೆ ಜನ, ಒಂದು ಸರ್ಕಾರ ಇದೆ. ಬ್ಯಾರಿ, ನವಾಯತಿ, ನಮ್ಮ ದಖನಿಯ ಗತಿ ಏನು? ದಖನಿಯ ನಕ್ಕೋ ಎಂಬ ಪದವನ್ನು ಲಖನೌದ ಉರ್ದು ಒಪ್ಪುವುದಿಲ್ಲ. ಬಹುಮತದಿಂದ ಕಲಿಯುವ ಯಂತ್ರಕ್ಕೆ ಅದು ಪದವಾಗಿ ಕಾಣುವುದಿಲ್ಲ, ತಪ್ಪಾಗಿ ಕಾಣುತ್ತದೆ. ತಿದ್ದಿಸಿಕೊಂಡು ತಿದ್ದಿಸಿಕೊಂಡು ಮಕ್ಕಳು ಕೊನೆಗೆ ಆ ಪದವನ್ನೇ ಬಿಡುತ್ತಾರೆ.

ಇದಕ್ಕೆ ಉತ್ತರವೂ ಜೀವಲೋಕದಲ್ಲೇ ಇದೆ. ಜಾನ್ ಹಾಲೆಂಡ್ 1975ರಲ್ಲಿ ತನ್ನ ಪುಸ್ತಕದ ಮೂಲಕ ಕಂಪ್ಯೂಟರಿನಲ್ಲಿ ವಿಕಾಸದ ವಿದ್ಯೆಯನ್ನು ಊರ್ಜಿತಗೊಳಿಸಿದ. ಆ ವಿದ್ಯೆಯನ್ನು ಬಳಸುವವರೆಲ್ಲ ಒಂದು ಅಪಾಯವನ್ನು ಬಲ್ಲರು. ಗೆದ್ದವರನ್ನಷ್ಟೇ ಉಳಿಸುತ್ತ ಹೋದರೆ ಕೆಲವೇ ತಲೆಮಾರಿನಲ್ಲಿ ಎಲ್ಲವೂ ಒಂದೇ ಅಚ್ಚಾಗಿ, ಬೆಳವಣಿಗೆ ನಿಂತುಬಿಡುತ್ತದೆ. ಅದಕ್ಕಾಗಿ ಜಾಣರು ಅಪರೂಪದವುಗಳನ್ನು ಬೇಕೆಂದೇ ಕಾಪಾಡುತ್ತಾರೆ. ಮಲೆನಾಡಿನ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗದ್ದೆಗೆಲ್ಲ ಒಂದೇ ತಳಿಯ ಭತ್ತ ಹಾಕಿದರೆ ರೋಗ ಬಂದ ವರ್ಷ ಕಣಜ ಖಾಲಿ ಎಂಬುದು ಅವನಿಗೆ ಗೊತ್ತು. ಹಾಗಾಗಿ ಕಡಿಮೆ ಜನರ ಮಾತನ್ನೂ ರೀತಿಯನ್ನೂ ಉಳಿಸಿಕೊಳ್ಳುವುದು ಯಂತ್ರ ಕಟ್ಟುವವರು ನಮಗೆ ಮಾಡುವ ಉಪಕಾರವಲ್ಲ. ಯಂತ್ರದ ಆರೋಗ್ಯಕ್ಕೇ ಅದು ಬೇಕು.

ಆದ್ದರಿಂದ ನಾವು ಕೇಳಬೇಕಾದದ್ದು ಮೂರು. ಮೊದಲನೆಯದು, ಪರದೆ ಎಷ್ಟೇ ಬೆಳೆಯಲಿ, ಭಾಷೆ ಆರಿಸುವ ಗುಂಡಿ, ಹಿಂದಕ್ಕೆ ಹೋಗುವ ಗುಂಡಿ, ಸಹಾಯ ಕೇಳುವ ಗುಂಡಿ ಕದಲದಿರಲಿ. ಎರಡನೆಯದು, ಅಪರೂಪಕ್ಕೆ ಬರುವವರ ಬೆರಳಿಗೂ ಲೆಕ್ಕದಲ್ಲಿ ಜಾಗವಿರಲಿ. ಸರದಿ ಬದಲಿಸುವ ಐಬಿಸ್ ಹಕ್ಕಿಗಿರುವ ನ್ಯಾಯಬುದ್ಧಿ ನಮ್ಮ ಸರ್ಕಾರಿ ತಂತ್ರಾಂಶಗಳಿಗೂ ಬರಲಿ. ಮೂರನೆಯದು, ಯಾವುದು ಉಳಿಯಬೇಕು ಯಾವುದು ಅಳಿಯಬೇಕು ಎಂಬ ನಿಯಮವನ್ನು ಯಾರು ಬರೆದರು, ಏನೆಂದು ಬರೆದರು ಎಂಬುದನ್ನು ಜನರಿಗೆ ಅವರ ಭಾಷೆಯಲ್ಲೇ ತಿಳಿಸಲಿ. ಕನ್ನಡ ಬಲ್ಲ ಎಂಜಿನಿಯರುಗಳು ಬೆಂಗಳೂರಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರ ತಾಯಂದಿರೂ ಈ ಹೊಸ್ತಿಲನ್ನೇ ದಾಟಬೇಕಾದವರು. ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಹೋದ ಹುಲಿಯ ಹಿಡಿಯನ್ನು ಮರಳಿ ತರುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಅಂಗೈಯಲ್ಲಿರುವ ಯಂತ್ರದ ಹಿಡಿ ಯಾರ ಕೈಯಲ್ಲಿರಬೇಕು ಎಂದು ಕೇಳುವ ಹಕ್ಕಾದರೂ ನಮಗಿದೆ. ಅದನ್ನು ಈಗಲೇ ಕೇಳೋಣ.